ರೆಕ್ಕೆಯೊಳಗೆ ಬಾಂಬು ಹಿಡಿಯುತ್ತದೆಯೆ?

ಪ್ರಶ್ನೆ: ಯುದ್ಧವಿಮಾನಗಳ ಚಿತ್ರಗಳಲ್ಲಿ ಬಾಂಬುಗಳು ಯಾವಾಗಲೂ ರೆಕ್ಕೆಯ ಕೆಳಗೆ ಜೋತುಬಿದ್ದಿರುತ್ತವೆ. ಅವನ್ನು ರೆಕ್ಕೆಯ ಒಳಗೇ ಇಟ್ಟು ಬಾಗಿಲು ಮುಚ್ಚಿದರೆ ಗಾಳಿಯ ತಡೆ ಕಡಿಮೆಯಾಗುವುದಿಲ್ಲವೆ? ಹಾಗೆ ಯಾರಾದರೂ ಮಾಡಿದ್ದಾರೆಯೆ? ಒಂದು ಕಡೆಯ ಬಾಂಬು ಬಿದ್ದು ಇನ್ನೊಂದು ಕಡೆಯದು ಉಳಿದುಬಿಟ್ಟರೆ ವಿಮಾನ ಮಗುಚಿಕೊಳ್ಳುವುದಿಲ್ಲವೆ?
— ಪಿಯುಸಿ ವಿದ್ಯಾರ್ಥಿನಿ, ಮೋಟೆಬೆನ್ನೂರು, ಬ್ಯಾಡಗಿ ತಾಲ್ಲೂಕು

ಉತ್ತರ: ಮಾಡಿದ್ದಾರೆ. ಎರಡನೇ ಮಹಾಯುದ್ಧದಲ್ಲಿ ಸಾವಿರಾರು ವಿಮಾನಗಳು ರೆಕ್ಕೆಯ ಒಡಲಲ್ಲೇ ಬಾಂಬು ತುಂಬಿಕೊಂಡು ಹಾರಿದವು. ಯುದ್ಧ ಮುಗಿದ ಕೆಲವೇ ವರ್ಷಗಳಲ್ಲಿ ಆ ಪದ್ಧತಿ ಹೆಚ್ಚುಕಡಿಮೆ ನಿಂತುಹೋಯಿತು. ಈಗ ಬೇರೆ ರೂಪದಲ್ಲಿ ಮರಳುತ್ತಿದೆ. ನಮ್ಮ ದೇಶದಲ್ಲಿ ಆ ದಾರಿಯ ಮೊದಲ ಹೆಜ್ಜೆ ಇಟ್ಟ ಜಾಗ ನಿಮಗೆ ದೂರವೇನಲ್ಲ. ಮೋಟೆಬೆನ್ನೂರಿನ ಹೆದ್ದಾರಿ ಹಿಡಿದು ರಾಣೆಬೆನ್ನೂರು, ಹರಿಹರ, ದಾವಣಗೆರೆ ದಾಟಿ ಚಿತ್ರದುರ್ಗ ಮುಟ್ಟಿ, ಅಲ್ಲಿಂದ ಚಳ್ಳಕೆರೆ ಕಡೆಗೆ ಹೊರಳಿದರೆ ಸಿಗುತ್ತದೆ. ಅದರ ವಿಷಯ ಆಮೇಲೆ ಹೇಳುತ್ತೇನೆ. ಮೊದಲು ರೆಕ್ಕೆಯೊಳಗೆ ಈಗ ಏನಿದೆ ಎಂಬುದನ್ನು ನೋಡೋಣ, ಏಕೆಂದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ.

ಹೊರಗಿನಿಂದ ನೋಡಿದರೆ ರೆಕ್ಕೆ ಟೊಳ್ಳು ಎನಿಸುತ್ತದೆ. ಇಡೀ ವಿಮಾನದಲ್ಲಿ ಒಂದು ಬೆರಳು ತೂರಿಸಲೂ ಜಾಗ ಸಿಗದ ಭಾಗವಿದ್ದರೆ ಅದು ರೆಕ್ಕೆಯೇ. ಬುಡದಿಂದ ತುದಿಯವರೆಗೆ ಉದ್ದಕ್ಕೆ ತೊಲೆಗಳು ಹಾದಿರುತ್ತವೆ, ಅವಕ್ಕೆ ಸ್ಪಾರ್ ಎನ್ನುತ್ತಾರೆ. ಅಡ್ಡಕ್ಕೆ ಸಾಲು ಸಾಲಾಗಿ ರಿಬ್‌ಗಳು. ಮೇಲೂ ಕೆಳಗೂ ಹೊದಿಕೆ. ಹಿಂದಿನ ಅಂಚಿನಲ್ಲಿ ವಿಮಾನವನ್ನು ಹೊರಳಿಸುವ ಪಟ್ಟಿಗಳು, ಅವನ್ನು ದೂಡುವ ಯಂತ್ರಗಳು, ಕೊಳವೆ, ತಂತಿ. ಕೆಲವು ವಿಮಾನಗಳಲ್ಲಿ ಗಾಲಿಗಳೂ ಮಡಚಿ ಇಲ್ಲೇ ಸೇರುತ್ತವೆ. ಇಷ್ಟಾದ ಮೇಲೆ ಉಳಿದ ಸಂದಿಗೊಂದಿಗಳನ್ನೆಲ್ಲ ತುಂಬುವುದು ಇಂಧನ. ಬೆಂಗಳೂರಿನಲ್ಲಿ ತಯಾರಾಗುವ ತೇಜಸ್ ವಿಮಾನದ ರೆಕ್ಕೆಗಳಲ್ಲೂ ಇಂಧನವೇ ಇದೆ. ಅಲ್ಲಿ ಬೇರೆ ಟ್ಯಾಂಕು ಇಟ್ಟಿಲ್ಲ, ರೆಕ್ಕೆಯ ಹೊದಿಕೆಯೇ ಟ್ಯಾಂಕಿನ ಗೋಡೆ. ಇಂಧನ ದ್ರವ, ಕೊಟ್ಟ ಮೂಲೆಯ ಆಕಾರ ತಾಳಿ ಕೂರುತ್ತದೆ. ಬಾಂಬು ಉಕ್ಕಿನ ಗುಂಡು. ಅದು ತನ್ನ ಆಕಾರ ಬಿಡುವುದಿಲ್ಲ. ಒಂದೇ ಜಾಗಕ್ಕೆ ಇವೆರಡೂ ಜಗಳಕ್ಕೆ ನಿಂತರೆ ಗೆಲ್ಲುವುದು ಇಂಧನ.

ಇನ್ನೊಂದು ತೊಡಕು ಬಲದ್ದು. ವಿಮಾನವನ್ನು ಎತ್ತಿ ಹಿಡಿಯುವುದು ರೆಕ್ಕೆ. ಹತ್ತು ಟನ್ ತೂಕದ ಯುದ್ಧವಿಮಾನ ಗುರುತ್ವದ ಆರು ಪಟ್ಟು ಬಲದಲ್ಲಿ ಹೊರಳಿದರೆ, ಆ ಕ್ಷಣ ರೆಕ್ಕೆಗಳು ಹೊರುವುದು 60 ಟನ್. ಆಗ ರೆಕ್ಕೆ ಮೇಲಕ್ಕೆ ಬಾಗಲು ನೋಡುತ್ತದೆ, ಜೊತೆಗೆ ತಿರುಚಿಕೊಳ್ಳಲೂ ನೋಡುತ್ತದೆ. ತಿರುಚದಂತೆ ತಡೆಯುವುದು ಮುಂದಿನ ತೊಲೆ, ಹಿಂದಿನ ತೊಲೆ, ಮೇಲಿನ ಹೊದಿಕೆ, ಕೆಳಗಿನ ಹೊದಿಕೆ ಸೇರಿ ಆಗುವ ಪೆಟ್ಟಿಗೆ. ನಾಲ್ಕೂ ಬದಿ ಮುಚ್ಚಿದ್ದರೆ ಮಾತ್ರ ಅದು ಗಟ್ಟಿ. ಬಾಂಬು ಬೀಳಿಸಲು ಕೆಳಗಿನ ಹೊದಿಕೆಯಲ್ಲಿ ಬಾಗಿಲು ಕೊರೆದಿರೋ, ಪೆಟ್ಟಿಗೆಯ ಒಂದು ಬದಿ ಹೋಯಿತು. ಹೋದ ಬಲವನ್ನು ಮರಳಿ ತರಲು ಬಾಗಿಲಿನ ಸುತ್ತ ದಪ್ಪ ಚೌಕಟ್ಟು ಕಟ್ಟಬೇಕು, ಅಂದರೆ ಮತ್ತಷ್ಟು ತೂಕ ಹೊರಬೇಕು.

ಹಾಗಿದ್ದರೂ ರೆಕ್ಕೆಯ ಪರವಾಗಿ ಒಂದು ಒಳ್ಳೆಯ ವಾದವಿದೆ. ಬ್ಯಾಡಗಿ ಕಡೆ ಒಣಗಿದ ಮೆಣಸಿನಕಾಯಿಯನ್ನು ತಾಡಪತ್ರಿಯ ಮೂಲೆ ಹಿಡಿದು ಎತ್ತುವುದನ್ನು ನೀವು ನೋಡಿಯೇ ಇರುತ್ತೀರಿ. ರಾಶಿಯೆಲ್ಲ ನಡುವೆ ಇದ್ದರೆ ತಾಡಪತ್ರಿ ಜೋಲುತ್ತದೆ. ಅದೇ ಕಾಯಿ ಹಿಡಿದವರ ಕೈಗಳ ಹತ್ತಿರಕ್ಕೂ ಹರಡಿದ್ದರೆ ಅಷ್ಟು ಜೋಲುವುದಿಲ್ಲ. ವಿಮಾನಕ್ಕೂ ಇದೇ ಲೆಕ್ಕ. ಎತ್ತುವ ಬಲ ರೆಕ್ಕೆಯ ಉದ್ದಕ್ಕೂ ಹರಡಿದೆ. ಭಾರವನ್ನೆಲ್ಲ ನಡುವಿನ ಒಡಲಿನಲ್ಲೇ ಪೇರಿಸಿದರೆ ರೆಕ್ಕೆಯ ಬುಡ ಹೆಚ್ಚು ಬಾಗುತ್ತದೆ. ಭಾರದ ಒಂದು ಪಾಲು ರೆಕ್ಕೆಯಲ್ಲೇ ಇದ್ದರೆ ಎತ್ತುವ ಬಲಕ್ಕೆ ಅದು ಅಲ್ಲೇ ಎದುರಾಗಿ ಬುಡದ ಶ್ರಮ ಇಳಿಯುತ್ತದೆ. ಎಂಜಿನ್ನುಗಳನ್ನು, ಇಂಧನವನ್ನು ರೆಕ್ಕೆಯಲ್ಲಿಡುವುದರ ಹಿಂದೆಯೂ ಈ ಲಾಭವಿದೆ. ಅಲ್ಲದೆ ವಿಮಾನದ ತೂಕದ ಕೇಂದ್ರ ರೆಕ್ಕೆಯ ಹತ್ತಿರವೇ ಇರುತ್ತದೆ. ಅಲ್ಲಿಂದ ಬಾಂಬು ಬಿದ್ದರೆ ಮೂಗು ಏಳುವುದಾಗಲಿ ಬಾಲ ಏಳುವುದಾಗಲಿ ಕಡಿಮೆ.

1930ರ ದಶಕದಲ್ಲಿ ಈ ವಾದಕ್ಕೆ ಬಲವಿತ್ತು. ಆಗಿನ ರೆಕ್ಕೆಗಳ ದಪ್ಪ ಇಂದು ನಂಬಲಾಗದಷ್ಟು. 1929ರಲ್ಲಿ ಹಾರಿದ ಜರ್ಮನಿಯ ಯುಂಕರ್ಸ್ ಜಿ-38 ಎಂಬ ವಿಮಾನದಲ್ಲಿ ಕೆಲವು ಪ್ರಯಾಣಿಕರು ರೆಕ್ಕೆಯ ಬುಡದಲ್ಲೇ, ಮುಂದಿನ ಅಂಚಿನ ಗಾಜಿನ ಹಿಂದೆ ಕುಳಿತು ಹೋಗುತ್ತಿದ್ದರು. ಮನುಷ್ಯ ಕೂರುವ ಜಾಗದಲ್ಲಿ ಬಾಂಬು ಕೂರದೆ ಏನು? ಬ್ರಿಟನ್ನಿನ ವಿಟ್ಲಿ ವಿಮಾನದ ರೆಕ್ಕೆಗಳಲ್ಲಿ ಸಣ್ಣ ಸಣ್ಣ ಬಾಂಬಿನ ಗೂಡುಗಳಿದ್ದವು. ಅದರ ಬಾಗಿಲುಗಳ ಏರ್ಪಾಡು ವಿಚಿತ್ರವಾಗಿತ್ತು. ಬಾಗಿಲನ್ನು ಮುಚ್ಚಿ ಹಿಡಿದಿದ್ದದ್ದು ರಬ್ಬರಿನ ಹುರಿ. ಕಳಚಿಕೊಂಡ ಬಾಂಬು ತನ್ನ ಭಾರದಿಂದಲೇ ಬಾಗಿಲನ್ನು ಒದ್ದುಕೊಂಡು ಹೊರಗೆ ಬೀಳಬೇಕು. ಬಾಗಿಲು ತೆರೆಯಲು ಹಿಡಿಯುವ ಸಮಯ ಒಂದೊಂದು ಸಲ ಒಂದೊಂದು ರೀತಿ. ವೇಗವಾಗಿ ಸಾಗುವ ವಿಮಾನದಲ್ಲಿ ಕಣ್ಣು ಮಿಟುಕಿಸುವಷ್ಟು ತಡವಾದರೂ ಬಾಂಬು ಎಷ್ಟೋ ಮೀಟರ್ ಆಚೆ ಬೀಳುತ್ತದೆ. ಹಾಗಾಗಿ ಗುರಿ ತಪ್ಪುತ್ತಿತ್ತು.

ವಿಟ್ಲಿಯ ನಂತರ ಬಂದ ನಾಲ್ಕು ಎಂಜಿನ್ನಿನ ಸ್ಟರ್ಲಿಂಗ್, ಹ್ಯಾಲಿಫ್ಯಾಕ್ಸ್ ವಿಮಾನಗಳಲ್ಲೂ ರೆಕ್ಕೆಯ ಗೂಡುಗಳಿದ್ದವು. ಒಡಲಿಗೂ ಒಳಗಡೆಯ ಎಂಜಿನ್ನಿಗೂ ನಡುವಿನ ಜಾಗದಲ್ಲಿ, ಒಂದೊಂದು ರೆಕ್ಕೆಗೆ ಮೂರು. ಒಂದೊಂದು ಗೂಡಿನಲ್ಲಿ 500 ಪೌಂಡಿನ, ಅಂದರೆ ಸುಮಾರು 227 ಕಿಲೋ ತೂಕದ ಬಾಂಬು. ವಿನ್ಯಾಸ ಹಾಕಿದಾಗ ಅದು ಸಾಕಷ್ಟು ದೊಡ್ಡ ಬಾಂಬೇ. ಮೂರು ನಾಲ್ಕು ವರ್ಷಗಳಲ್ಲಿ ಬಾಂಬಿನ ಗಾತ್ರವೇ ಬದಲಾಗಿಹೋಯಿತು. 2 ಸಾವಿರ ಪೌಂಡು, 4 ಸಾವಿರ, 8 ಸಾವಿರ ಎಂದು ಬೆಳೆದ ಬಾಂಬುಗಳಿಗೆ ರೆಕ್ಕೆಯ ಗೂಡು ಎಲ್ಲಿ ಸಾಲಬೇಕು? ಸ್ಟರ್ಲಿಂಗ್‌ನ ಒಡಲಿನ ಗೂಡನ್ನೂ ಉದ್ದುದ್ದಕ್ಕೆ ಸೀಳಿ ವಿಭಾಗ ಮಾಡಿದ್ದರು, ಅಲ್ಲೂ 2 ಸಾವಿರ ಪೌಂಡಿಗಿಂತ ದೊಡ್ಡದು ಹಿಡಿಯುತ್ತಿರಲಿಲ್ಲ. ಅದೇ ಹೊತ್ತಿಗೆ ಬಂದ ಲ್ಯಾಂಕಾಸ್ಟರ್ ರೆಕ್ಕೆಯ ಗೂಡುಗಳ ಗೋಜಿಗೇ ಹೋಗಲಿಲ್ಲ. ಅದರ ಹೊಟ್ಟೆಯಲ್ಲಿ 10 ಮೀಟರ್ ಉದ್ದದ, ನಡುವೆ ಒಂದೂ ಅಡ್ಡಗೋಡೆಯಿಲ್ಲದ ಒಂದೇ ಗೂಡು. ಯುದ್ಧದ ಕೊನೆಯಲ್ಲಿ 22 ಸಾವಿರ ಪೌಂಡಿನ, ಹತ್ತು ಟನ್ನಿಗೆ ತುಸು ಕಡಿಮೆ ತೂಕದ ಬಾಂಬನ್ನೂ ಅದೇ ಗೂಡಿನ ಬಾಗಿಲು ಕಳಚಿ ಹೊತ್ತೊಯ್ದರು. ರೆಕ್ಕೆಯ ಗೂಡನ್ನು ಸೋಲಿಸಿದ್ದು ಬಾಂಬಿನ ಗಾತ್ರ, ಅದರಲ್ಲಿ ನನಗೆ ಅನುಮಾನವಿಲ್ಲ.

ಈ ಮಾತನ್ನು ಬರಿಯ ಎಂಜಿನಿಯರಿಂಗ್ ಲೆಕ್ಕವಾಗಿ ಬಿಡಲು ಮನಸ್ಸು ಒಪ್ಪುವುದಿಲ್ಲ. ಜುಲೈ 1943ರ ಕೊನೆಯ ವಾರ ಹ್ಯಾಂಬರ್ಗ್ ಊರಿನ ಮೇಲೆ ಹೋದ ವಿಮಾನಗಳಲ್ಲಿ ಲ್ಯಾಂಕಾಸ್ಟರ್ ಜೊತೆಗೆ ಸ್ಟರ್ಲಿಂಗ್, ಹ್ಯಾಲಿಫ್ಯಾಕ್ಸ್‌ಗಳೂ ಇದ್ದವು. 27ರ ರಾತ್ರಿ ಎದ್ದ ಬೆಂಕಿಯ ಬಿರುಗಾಳಿ ಬೀದಿಗೆ ಬೀದಿಯನ್ನೇ ನುಂಗಿತು. ಆ ವಾರದ ದಾಳಿಗಳಲ್ಲಿ ಸತ್ತವರು 35 ಸಾವಿರದಿಂದ 40 ಸಾವಿರ, ಬಹುಪಾಲು ಮನೆಮಂದಿ. ಗೂಡು ಎಲ್ಲಿದ್ದರೆ ಎಷ್ಟು ಕಿಲೋ ಹಿಡಿಯುತ್ತದೆ ಎಂದು ಕಾಗದದ ಮೇಲೆ ಗೀಚಿದ ಲೆಕ್ಕಗಳ ಇನ್ನೊಂದು ತುದಿಯಲ್ಲಿ ಇದ್ದವರು ಅವರು.

ಅದೇ ತಿಂಗಳು ರಷ್ಯಾದ ಕುರ್ಸ್ಕ್ ಬಯಲಿನಲ್ಲಿ ರೆಕ್ಕೆಯ ಗೂಡಿಗೆ ತಕ್ಕ ಕೆಲಸ ಸಿಕ್ಕಿತು. ಸೋವಿಯತ್ ಇಲ್-2 ವಿಮಾನ ಟ್ಯಾಂಕುಗಳ ಮೇಲೆ ತೀರ ತಗ್ಗಿನಲ್ಲಿ ಹಾರಿ ಎರಗುವಂಥದ್ದು. ಅದರ ಒಡಲಿನ ಮುಂಭಾಗವನ್ನೆಲ್ಲ ಎಂಜಿನ್ನು ಮತ್ತು ಚಾಲಕನನ್ನು ಕಾಯುವ ಉಕ್ಕಿನ ಕವಚ ಆಕ್ರಮಿಸಿಕೊಂಡಿತ್ತು. ಬಾಂಬಿಗೆ ಜಾಗ ಉಳಿದಿದ್ದದ್ದು ರೆಕ್ಕೆಯ ಬುಡದಲ್ಲಿ ಮಾತ್ರ. ಅಲ್ಲಿ ನಾಲ್ಕು ಗೂಡು, ಒಂದೊಂದರಲ್ಲಿ 100 ಕಿಲೋ ಬಾಂಬು ಹಿಡಿಯುತ್ತಿತ್ತು. 1943ರ ಬೇಸಿಗೆಯಲ್ಲಿ ಅವರು ದೊಡ್ಡ ಬಾಂಬಿನ ಬದಲು ಕಿಲೋ ಒಂದೂವರೆ ತೂಗುವ ಪಿಟಿಎಬಿ ಎಂಬ ಪುಟ್ಟ ಬಾಂಬುಗಳನ್ನು ಆ ಗೂಡುಗಳಿಗೆ ತುಂಬಿ ಸುರಿದರು. ಒಂದೊಂದೂ ಟ್ಯಾಂಕಿನ ನೆತ್ತಿಯ ತೆಳು ಉಕ್ಕನ್ನು ಕೊರೆಯುವಷ್ಟು ಶಕ್ತ. ಅಷ್ಟು ಸಣ್ಣ ಬಾಂಬಿಗೆ ರೆಕ್ಕೆಯ ಗೂಡು ಹೇಳಿ ಮಾಡಿಸಿದ ಹಾಗಿತ್ತು. ಇಲ್-2 ವಿಮಾನಗಳನ್ನು 36 ಸಾವಿರಕ್ಕೂ ಹೆಚ್ಚು ಕಟ್ಟಿದರು. ರೆಕ್ಕೆಯೊಳಗೆ ಬಾಂಬು ಹೊತ್ತ ವಿಮಾನ ಯಾವುದು ಎಂದು ಯಾರಾದರೂ ಕೇಳಿದರೆ ಮೊದಲು ಹೇಳಬೇಕಾದ ಹೆಸರು ಅದೇ.

ಆ 1943 ನಿಮ್ಮೂರಿಗೂ ಮರೆಯಲಾಗದ ವರ್ಷ. ದಂಡಿ ಯಾತ್ರೆಯಲ್ಲಿ ಗಾಂಧೀಜಿಯವರ ಜೊತೆ ನಡೆದ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು ಆ ವರ್ಷದ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಸಂಗಾತಿಗಳೊಂದಿಗೆ ಬ್ರಿಟಿಷ್ ಸರ್ಕಾರದ ಪೊಲೀಸರ ಗುಂಡಿಗೆ ಬಲಿಯಾದರು. ಅದೇ ಸರ್ಕಾರದ ಯುದ್ಧಕ್ಕಾಗಿ ಬೆಂಗಳೂರಿನ ವಿಮಾನ ಕಾರ್ಖಾನೆ ಹಗಲು ರಾತ್ರಿ ದುಡಿಯುತ್ತಿತ್ತು. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ನೆರವಿನಿಂದ ಶುರು ಮಾಡಿದ ಹಿಂದುಸ್ತಾನ್ ಏರ್‌ಕ್ರಾಫ್ಟ್ 1943ರ ಹೊತ್ತಿಗೆ ಅಮೆರಿಕದ ಸೇನೆಯ ರಿಪೇರಿ ಕೇಂದ್ರವಾಗಿತ್ತು. ನೀರಿನ ಮೇಲೆ ಇಳಿಯುವ ಕ್ಯಾಟಲೀನಾ ವಿಮಾನಗಳೂ ರಿಪೇರಿಗೆ ಬರುತ್ತಿದ್ದವು, ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದವು.

ಈ ನೀರುವಿಮಾನಗಳ ಕಥೆ ನಿಮ್ಮ ಪ್ರಶ್ನೆಗೆ ನೇರವಾಗಿ ಸೇರಿದ್ದು. ಅವುಗಳ ಹೊಟ್ಟೆ ದೋಣಿಯ ತಳ. ಅಲ್ಲಿ ಬಾಗಿಲು ಕೊರೆದರೆ ನೀರು ನುಗ್ಗುತ್ತದೆ. ಹಾಗಾದರೆ ಬಾಂಬು ಎಲ್ಲಿಡಬೇಕು? ಕ್ಯಾಟಲೀನಾ ಅವನ್ನು ರೆಕ್ಕೆಯ ಕೆಳಗೆ ತೂಗುಹಾಕಿಕೊಂಡಿತು. ಬ್ರಿಟನ್ನಿನ ಸಂಡರ್‌ಲ್ಯಾಂಡ್ ಬಾಂಬುಗಳನ್ನು ಒಡಲೊಳಗೆ ಇಟ್ಟುಕೊಂಡು, ಬೇಕಾದಾಗ ಪಕ್ಕದ ಕಿಂಡಿ ತೆರೆದು, ಹಳಿಯ ಮೇಲೆ ಜಾರಿಸಿ ರೆಕ್ಕೆಯ ಕೆಳಗೆ ತರುತ್ತಿತ್ತು. ಅಮೆರಿಕದ ಮರೀನರ್ ವಿಮಾನ ಎಂಜಿನ್ನಿನ ಹಿಂದಿನ ಉಬ್ಬಿನಲ್ಲೇ ಬಾಂಬಿನ ಗೂಡು ಮಾಡಿಕೊಂಡಿತು. ಕೊರೊನಾಡೊ ಎಂಬ ದೊಡ್ಡ ನೀರುವಿಮಾನ ತನ್ನ ದಪ್ಪ ರೆಕ್ಕೆಯ ಒಳಗೇ ಸಾವಿರ ಪೌಂಡಿನ ಬಾಂಬುಗಳನ್ನು ಇಟ್ಟುಕೊಂಡು ಹಾರಿತು. ಬೇರೆ ದಾರಿ ಇಲ್ಲದಿದ್ದಾಗ ರೆಕ್ಕೆಯೊಳಗೆ ಜಾಗ ಮಾಡಲು ಎಂಜಿನಿಯರುಗಳು ಹಿಂಜರಿಯಲಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಸ್ವಾತಂತ್ರ್ಯ ಬಂದ ಮೇಲೆ ನಮ್ಮ ವಾಯುಪಡೆಗೆ ಸಿಕ್ಕ ಮೊದಲ ಭಾರಿ ಬಾಂಬರ್ ಲಿಬರೇಟರ್. ಬ್ರಿಟಿಷರು ಹೋಗುವಾಗ ಮತ್ತೆ ಯಾರೂ ಹಾರಿಸಬಾರದೆಂದು ಜಖಂ ಮಾಡಿ ಕಾನ್ಪುರದಲ್ಲಿ ಬಿಟ್ಟುಹೋದ ವಿಮಾನಗಳವು. ಹಿಂದುಸ್ತಾನ್ ಏರ್‌ಕ್ರಾಫ್ಟ್‌ನ ಕೆಲಸಗಾರರು ಅಲ್ಲಿಗೆ ಹೋಗಿ ಅಷ್ಟಿಷ್ಟು ಸರಿಮಾಡಿದರು. ಟೆಸ್ಟ್ ಪೈಲಟ್ ಜಮ್ಷೆಡ್ ಮುನ್ಶಿ ಆ ಮುರುಕು ವಿಮಾನಗಳನ್ನು ಬೆಂಗಳೂರಿಗೆ ಹಾರಿಸಿ ತಂದರು. ಇಲ್ಲಿ ಅವು ಹೊಸದಾದವು. 40ಕ್ಕೂ ಹೆಚ್ಚು ವಿಮಾನ ಹೀಗೆ ಜೀವ ಪಡೆದು, 1948ರ ನವೆಂಬರಿನಲ್ಲಿ 5ನೇ ಸ್ಕ್ವಾಡ್ರನ್ ಅವುಗಳೊಂದಿಗೆ ಶುರುವಾಯಿತು. 1968ರವರೆಗೂ ನಮ್ಮವರು ಲಿಬರೇಟರ್ ಹಾರಿಸಿದರು. ಇಂದು ಬ್ರಿಟನ್, ಅಮೆರಿಕಗಳಲ್ಲಿ ಉಳಿದಿರುವ ಕೆಲವು ಲಿಬರೇಟರ್‌ಗಳು ಬೆಂಗಳೂರಿನ ಕೈಯಲ್ಲಿ ದುರಸ್ತಿಯಾದವೇ. ನನಗೆ ಈ ಕಥೆ ಎಷ್ಟು ಸಲ ಹೇಳಿದರೂ ಸಾಲದು. ರೆಕ್ಕೆಯ ಮಾತಿಗೆ ಬಂದರೆ, ಲಿಬರೇಟರ್ ರೆಕ್ಕೆ ಕಿರಿದಾಗಿ, ಉದ್ದಕ್ಕೆ ಇತ್ತು. ಅದರಲ್ಲಿ ಇಂಧನ ತುಂಬಿದರು, ಬಾಂಬುಗಳನ್ನು ಎತ್ತರದ ಒಡಲಿನಲ್ಲಿ ಒಂದರ ಮೇಲೊಂದು ಪೇರಿಸಿದರು.

ಜೆಟ್ ಬಂತು, ರೆಕ್ಕೆಯ ಗೂಡಿನ ಕಥೆ ಅಲ್ಲಿಗೆ ಮುಗಿಯಿತು. ಶಬ್ದದ ವೇಗದ ಹತ್ತಿರ ಹೋದಂತೆ ದಪ್ಪ ರೆಕ್ಕೆ ಗಾಳಿಯನ್ನು ಸೀಳಲಾರದೆ ಒದ್ದಾಡುತ್ತದೆ, ಆದ್ದರಿಂದ ರೆಕ್ಕೆ ತೆಳುವಾಗಲೇಬೇಕು. 1965 ಮತ್ತು 1971ರ ಯುದ್ಧಗಳಲ್ಲಿ ಪಾಕಿಸ್ತಾನ ಹಾರಿಸಿದ ಎಫ್-104 ವಿಮಾನದ ರೆಕ್ಕೆ ಬುಡದಲ್ಲಿಯೂ ಸುಮಾರು 10 ಸೆಂಟಿಮೀಟರ್ ದಪ್ಪ. ಇಂದಿನ ಸಾಮಾನ್ಯ 500 ಪೌಂಡಿನ ಬಾಂಬಿನ ಅಡ್ಡಗಲವೇ 27 ಸೆಂಟಿಮೀಟರ್, ಉದ್ದ ಎರಡು ಮೀಟರಿಗೂ ಹೆಚ್ಚು. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಬಾಂಬು ರೆಕ್ಕೆಯಿಂದ ಹೊರಗೆ ಬಂದದ್ದು ಏಕೆಂದು ಬೇರೆ ಹೇಳಬೇಕಾಗಿಲ್ಲ.

ದೊಡ್ಡ ಒಡಲಿದ್ದವು ಹೊಟ್ಟೆಯಲ್ಲಿಟ್ಟುಕೊಂಡವು. ನಮ್ಮ ಕ್ಯಾನ್‌ಬೆರಾ ಹಾಗೆ. 1961ರ ಡಿಸೆಂಬರ್ 18ರಂದು ಗೋವಾ ವಿಮೋಚನೆಗಾಗಿ ಹನ್ನೆರಡು ಕ್ಯಾನ್‌ಬೆರಾಗಳು ದಾಬೋಲಿಂ ರನ್‌ವೇ ಮೇಲೆ 63 ಸಾವಿರ ಪೌಂಡು ಬಾಂಬು ಹಾಕಿದವು. ಆ ಕಾರ್ಯಾಚರಣೆಗೆ ವಾಯುಪಡೆ ನೆಚ್ಚಿಕೊಂಡ ನೆಲೆಗಳು ಪುಣೆ ಮತ್ತು ನಮ್ಮ ಬೆಳಗಾವಿಯ ಸಾಂಬ್ರಾ. ಸಣ್ಣ ಯುದ್ಧವಿಮಾನಗಳಿಗೆ ಹೊಟ್ಟೆಯಲ್ಲೂ ಜಾಗವಿಲ್ಲ, ಅಲ್ಲಿ ಎಂಜಿನ್ನು ಕೂತಿರುತ್ತದೆ. ಅವು ರೆಕ್ಕೆಯ ಕೆಳಗೆ ಪೈಲಾನ್ ಎಂಬ ಕೊಕ್ಕೆಗಂಬಗಳನ್ನು ಇಳಿಬಿಟ್ಟು ಬಾಂಬನ್ನು ಅದಕ್ಕೆ ತಗುಲಿಸಿಕೊಂಡವು. ಕರ್ಟ್ ಟ್ಯಾಂಕ್ ಎಂಬ ಜರ್ಮನ್ ವಿನ್ಯಾಸಕಾರರು ಬೆಂಗಳೂರಿನಲ್ಲಿ ರೂಪಿಸಿದ ಮರುತ್ 1961ರಲ್ಲಿ ಹಾರಿತು. ಅದರ ರೆಕ್ಕೆಗಳ ಕೆಳಗೆ ನಾಲ್ಕು ಪೈಲಾನ್, ಒಂದೊಂದಕ್ಕೆ ಸಾವಿರ ಪೌಂಡು. ಹೊಟ್ಟೆಯ ಮುಂಭಾಗದಲ್ಲಿ ಮಾತ್ರ 50 ತೆಳು ರಾಕೆಟ್‌ಗಳ ಒಂದು ಕಟ್ಟು ಒಳಗೆ ಅಡಗಿರುತ್ತಿತ್ತು, ಬೇಕೆಂದಾಗ ಕೆಳಗಿಳಿಯುತ್ತಿತ್ತು. ತೇಜಸ್‌ನಲ್ಲೂ ಒಂದೊಂದು ರೆಕ್ಕೆಗೆ ಮೂರು ಪೈಲಾನ್. ಬೆಂಗಳೂರಿನಲ್ಲೇ ಕಟ್ಟಿದ ಜಾಗ್ವಾರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ರೆಕ್ಕೆಯ ಕೆಳಗಿನ ಜಾಗವೆಲ್ಲ ಬಾಂಬಿಗೂ ಇಂಧನಕ್ಕೂ ಸರಿಹೋದ್ದರಿಂದ ಅದರ ಕ್ಷಿಪಣಿಗಳು ರೆಕ್ಕೆಯ ಮೇಲೆ ನಿಂತಿವೆ.

ಹೊರಗೆ ತೂಗಿಸುವುದರಲ್ಲಿ ಅನುಕೂಲವಿದೆ. ಬಾಂಬು ಬೆಳೆದರೂ ಗೂಡು ಬದಲಿಸಬೇಕಾಗಿಲ್ಲ, ಒಂದು ದಿನ ಬಾಂಬು, ಮರುದಿನ ಕ್ಷಿಪಣಿ, ಮತ್ತೊಂದು ದಿನ ಇಂಧನದ ಟ್ಯಾಂಕು. ನೀವು ಬರೆದ ಗಾಳಿಯ ತಡೆ ನಿಜ, ಅದನ್ನು ಸಹಿಸಿಕೊಂಡೇ ಎಲ್ಲರೂ ಅರ್ಧ ಶತಮಾನ ಹಾರಿದರು.

ಸಹಿಸಲಾಗದ್ದು ಬಂದದ್ದು ರೇಡಾರಿನಿಂದ. ಹೊರಗೆ ತೂಗುವ ಬಾಂಬು, ಅದರ ರೆಕ್ಕೆಪಟ್ಟಿಗಳು, ಪೈಲಾನಿನ ಚೂಪು ಮೂಲೆಗಳು ರೇಡಾರಿನ ಅಲೆಯನ್ನು ಬಂದ ದಾರಿಗೇ ಹಿಂದಿರುಗಿಸುತ್ತವೆ. ವೈರಿಗೆ ಕಾಣಿಸಬಾರದು ಎಂದರೆ ಎಲ್ಲವನ್ನೂ ಒಳಗೆ ಸೇರಿಸಿ ನುಣುಪಾದ ಬಾಗಿಲು ಮುಚ್ಚಬೇಕು. ಬೆಂಗಳೂರಿನ ಏರೋನಾಟಿಕಲ್ ಡೆವಲಪ್‌ಮೆಂಟ್ ಏಜೆನ್ಸಿ ರೂಪಿಸುತ್ತಿರುವ ಎಎಂಸಿಎ ವಿಮಾನಕ್ಕೆ ಕೇಂದ್ರ ಸರ್ಕಾರ ಮಾರ್ಚ್ 2024ರಲ್ಲಿ ಒಪ್ಪಿಗೆ ಕೊಟ್ಟಿತು. 25 ಟನ್ನಿನ ಆ ವಿಮಾನದ ಒಡಲೊಳಗೆ ಒಂದೂವರೆ ಟನ್ ಆಯುಧ ಹಿಡಿಯುವ ಗೂಡು ಇರುತ್ತದೆ. ಗಮನಿಸಿ, ಅದೂ ಒಡಲೊಳಗೆ, ರೆಕ್ಕೆಯೊಳಗೆ ಅಲ್ಲ. 2025ರ ಫೆಬ್ರವರಿಯಲ್ಲಿ ಯಲಹಂಕದ ಏರೋ ಇಂಡಿಯಾಕ್ಕೆ ಬಂದಿದ್ದ ರಷ್ಯಾದ ಸು-57 ಮಾತ್ರ ರೆಕ್ಕೆಯ ಬುಡದಲ್ಲಿ, ಒಂದೊಂದು ಕಡೆ ಒಂದೊಂದು ಸಣ್ಣ ಕ್ಷಿಪಣಿ ಹಿಡಿಯುವಂಥ ಉಬ್ಬು ಗೂಡು ಇಟ್ಟುಕೊಂಡಿದೆ. ಇಂದಿನ ಯುದ್ಧವಿಮಾನಗಳಲ್ಲಿ ನಿಮ್ಮ ಕಲ್ಪನೆಗೆ ಬಹಳ ಹತ್ತಿರ ಬರುವುದು ಅದು.

ಇನ್ನು ಚಳ್ಳಕೆರೆಯ ಮಾತು. ಒಡಲನ್ನೂ ಬಾಲವನ್ನೂ ತೆಗೆದುಹಾಕಿ ಇಡೀ ವಿಮಾನವನ್ನೇ ಒಂದು ರೆಕ್ಕೆಯಾಗಿ ಕಟ್ಟಿದರೆ? ಆಗ ಬಾಂಬು ಇರಬೇಕಾದದ್ದು ರೆಕ್ಕೆಯೊಳಗೇ, ಬೇರೆ ಜಾಗವೇ ಇಲ್ಲ. ಅಮೆರಿಕದ ನಾರ್ಥ್ರಪ್ ಕಂಪನಿ 1947ರಲ್ಲೇ ಜೆಟ್ ಎಂಜಿನ್ನಿನ ಅಂಥ ವಿಮಾನ ಹಾರಿಸಿತ್ತು, ವೈಬಿ-49 ಅದರ ಹೆಸರು. ಅದರ ಗೂಡುಗಳು ಆಗಿನ ಅಣುಬಾಂಬಿಗೆ ಸಾಲುತ್ತಿರಲಿಲ್ಲ. ನಾಗಾಸಾಕಿಯ ಮೇಲೆ ಹಾಕಿದ ಬಾಂಬಿನ ಅಡ್ಡಗಲವೇ ಒಂದೂವರೆ ಮೀಟರ್. ಸ್ಟರ್ಲಿಂಗ್ ಅನುಭವಿಸಿದ ಪಾಡನ್ನೇ ಇದೂ ಅನುಭವಿಸಿತು. 1989ರಲ್ಲಿ ಹಾರಿದ ಬಿ-2 ಆ ತೊಡಕನ್ನು ದಾಟಿತು. 52 ಮೀಟರ್ ಅಗಲದ ಆ ರೆಕ್ಕೆಯ ನಡುವಿನ ದಪ್ಪ ಭಾಗದಲ್ಲಿ ಎರಡು ಗೂಡುಗಳು. 2025ರ ಜೂನ್ 22ರಂದು ಇರಾನಿನ ಮೇಲೆ ಹೋದ ಏಳು ಬಿ-2ಗಳು ಒಂದೊಂದು ಗೂಡಿನಿಂದ ಒಂದೊಂದರಂತೆ ಒಟ್ಟು 14 ಬಾಂಬು ಬೀಳಿಸಿದವು, ಒಂದೊಂದೂ 13 ಟನ್ನಿಗಿಂತ ಭಾರ.

ನಮ್ಮಲ್ಲಿ ಈ ಜಾತಿಯ ವಿಮಾನ ಹಾರಿದ್ದು 2022ರ ಜುಲೈ 1ರಂದು, ಚಳ್ಳಕೆರೆ ಬಳಿಯ ಡಿಆರ್‌ಡಿಒ ಪರೀಕ್ಷಾ ವಲಯದಲ್ಲಿ. ಬೆಂಗಳೂರಿನ ಏರೋನಾಟಿಕಲ್ ಡೆವಲಪ್‌ಮೆಂಟ್ ಎಸ್ಟಾಬ್ಲಿಷ್‌ಮೆಂಟ್ ರೂಪಿಸಿದ, ಚಾಲಕನಿಲ್ಲದ, ಸಣ್ಣ ಟರ್ಬೊಫ್ಯಾನ್ ಎಂಜಿನ್ನಿನ ಪುಟ್ಟ ವಿಮಾನ. ಅದು ತಾನೇ ಏರಿ, ತಾನೇ ದಾರಿ ಹಿಡಿದು, ತಾನೇ ಇಳಿಯಿತು. 2023ರ ಡಿಸೆಂಬರಿನಲ್ಲಿ ಬಾಲವಿಲ್ಲದ ರೂಪದಲ್ಲಿ ಹಾರಿತು. ನೆಲದ ರೇಡಾರಿನ ಸಹಾಯವಿಲ್ಲದೆ, ನಮ್ಮದೇ ಗಗನ್ ಉಪಗ್ರಹ ವ್ಯವಸ್ಥೆಯ ಸಂಕೇತ ಹಿಡಿದು ಇಳಿಯಿತು. ಬಾಂಬು ಹೊರುವುದು ಅದರ ಕೆಲಸವಾಗಿರಲಿಲ್ಲ. ಬಾಲವಿಲ್ಲದ ರೆಕ್ಕೆಯನ್ನು ಗಾಳಿಯಲ್ಲಿ ನೆಟ್ಟಗೆ ಹಿಡಿಯಲು ನಮಗೆ ಬರುತ್ತದೆಯೆ ಎಂದು ನೋಡುವುದಷ್ಟೇ ಗುರಿ. ಮುಂದೆ ಬರಬೇಕಾದ ಘಾತಕ್ ಎಂಬ ದೊಡ್ಡ ವಿಮಾನಕ್ಕೆ ಇದು ಪೀಠಿಕೆ. ಅದರಲ್ಲಿ ಆಯುಧಗಳು ರೆಕ್ಕೆಯೊಡಲಿನ ಒಳಗಿರುತ್ತವೆ.

ಆ ಪರೀಕ್ಷಾ ವಲಯ ನಿಂತಿರುವ 4 ಸಾವಿರ ಎಕರೆಗೂ ಹೆಚ್ಚಿನ ನೆಲ ಅಮೃತಮಹಲ್ ಕಾವಲು. ರಾಣೆಬೆನ್ನೂರಿನ ಕೃಷ್ಣಮೃಗಧಾಮ ನೋಡಿದವರಿಗೆ ಅಂಥ ಹುಲ್ಲುಬಯಲಿನ ಬೆಲೆ ಗೊತ್ತು. ದನ ಕುರಿ ಮೇಯಿಸಿಕೊಂಡಿದ್ದ ಊರಿನವರು ಕಾವಲಿಗಾಗಿ ಹೋರಾಡಿದರು, ವಿಷಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ವಿಮಾನದ ಮೇಲೆ ನನಗಿರುವ ಪ್ರೀತಿ ಆ ಹುಲ್ಲಿನ ಮೇಲೂ ಇದೆ. ಎರಡರಲ್ಲಿ ಒಂದನ್ನು ಮರೆಮಾಚಿ ನಿಮಗೆ ಉತ್ತರ ಬರೆಯಲಾರೆ.

ಕೊನೆಯದಾಗಿ ಮಗುಚುವ ಪ್ರಶ್ನೆ. ಒಂದೇ ಕಡೆ ಭಾರ ಉಳಿದರೆ ವಿಮಾನ ಆ ಕಡೆ ವಾಲುವುದು ಖಂಡಿತ. ಎಷ್ಟು ವಾಲುತ್ತದೆ ಎಂಬುದು ತೂಕದ ಜೊತೆಗೆ ನಡುವಿನಿಂದ ಇರುವ ದೂರವನ್ನೂ ಅವಲಂಬಿಸಿದೆ. 227 ಕಿಲೋ ಬಾಂಬು ನಡುವಿನಿಂದ ಮೂರು ಮೀಟರ್ ದೂರದಲ್ಲಿದ್ದರೆ ಎಷ್ಟು ವಾಲಿಸುತ್ತದೋ, ಆರು ಮೀಟರ್ ದೂರದಲ್ಲಿದ್ದರೆ ಅದರ ಎರಡರಷ್ಟು. ಸ್ಟರ್ಲಿಂಗ್‌ನಲ್ಲಾಗಲಿ ಇಲ್-2ನಲ್ಲಾಗಲಿ ಗೂಡುಗಳು ರೆಕ್ಕೆಯ ತುದಿಗೆ ಹೋಗದೆ ಬುಡಕ್ಕೆ ಅಂಟಿಕೊಂಡದ್ದಕ್ಕೆ ದಪ್ಪದ ಜೊತೆ ಇದೂ ಕಾರಣ. ಬೀಳಿಸುವಾಗ ಎಡ ಬಲ ಸರದಿಯಲ್ಲಿ ಬೀಳಿಸುತ್ತಾರೆ. ಕೊಕ್ಕೆ ಕಚ್ಚಿಕೊಂಡು ಒಂದು ಬಾಂಬು ಉಳಿದರೆ ಹಿಂದೆ ಚಾಲಕ ಕೋಲನ್ನು ಇನ್ನೊಂದು ಕಡೆಗೆ ಒತ್ತಿ ಹಿಡಿದೇ ಮನೆ ಸೇರಬೇಕಾಗಿತ್ತು. ತೇಜಸ್‌ನಲ್ಲಿ ಆ ಕೆಲಸವನ್ನು ಹಾರಾಟದ ಕಂಪ್ಯೂಟರ್ ಮಾಡುತ್ತದೆ. ಒಂದು ಕೆಟ್ಟರೆ ಇನ್ನೊಂದು ಇರಲೆಂದು ಅದಕ್ಕೆ ನಾಲ್ಕು ಸಮಾನಾಂತರ ದಾರಿಗಳಿವೆ, ವಾಲುವಿಕೆ ಶುರುವಾದ ಕೂಡಲೇ ರೆಕ್ಕೆಯ ಪಟ್ಟಿಗಳನ್ನು ಹೊರಳಿಸುತ್ತದೆ. ಉಳಿದ ಬಾಂಬು ಒಳಗೇ ಸಿಡಿದೀತು ಎಂಬ ಭಯವೂ ಅಷ್ಟಿಲ್ಲ. ವಿಮಾನದಿಂದ ಕಳಚಿಕೊಂಡು ದೂರ ಸರಿದ ಮೇಲೆಯೇ ಸಿಡಿಮದ್ದಿನ ಕೀಲು ಎಚ್ಚರಗೊಳ್ಳುವಂತೆ ಮಾಡಿರುತ್ತಾರೆ. ಗುಂಡು ತಗುಲಿದಾಗ ಹೆಚ್ಚು ಹೆದರಬೇಕಾದದ್ದು ಪಕ್ಕದಲ್ಲಿರುವ ಇಂಧನಕ್ಕೆ.

ಬೆಂಗಳೂರಿಗೆ ಹೋದಾಗ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಅಂಗಳದಲ್ಲಿ ನಿಂತಿರುವ ಮರುತ್ ನೋಡಿ ಬನ್ನಿ, ಬಿಡುವಿದ್ದರೆ ಎಚ್‌ಎಎಲ್ ಸಂಗ್ರಹಾಲಯಕ್ಕೂ ಹೋಗಿ. ರೆಕ್ಕೆಯ ಬುಡಕ್ಕೆ ಎದುರಾಗಿ ನಿಂತು ಅದರ ದಪ್ಪ ಅಂದಾಜು ಮಾಡಿ. 27 ಸೆಂಟಿಮೀಟರಿನ ಬಾಂಬನ್ನು ಅದರಲ್ಲಿ ಎಲ್ಲಿ ಕೂರಿಸುತ್ತೀರಿ, ಅದರಿಂದ ಹೊರಗೆ ಹೋದ ಇಂಧನವನ್ನು ಎಲ್ಲಿ ತುಂಬುತ್ತೀರಿ ಎಂದು ಒಂದು ಚಿತ್ರ ಬರೆದು ಕಳಿಸಿ. ಮುಂದಿನ ಸಂಚಿಕೆಯೊಂದರಲ್ಲಿ ಅದನ್ನೇ ಇಟ್ಟುಕೊಂಡು ಮಾತಾಡೋಣ.